ತಾಳಮದ್ದಳೆಗೆ ಗಾನಮೇಳದ ಅರ್ಜಿ

ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ. ಅದಕ್ಕೆ ಮಳೆಗಾಲವೇ ಸರಿ. ಮೇಳಗಳಿಗೆ ರಜೆ, ಕಲಾವಿದರಿಗೆ ಪುರುಸೊತ್ತು. ಆದರೆ ಕಾಸರಗೋಡಿನ ಮಳೆ ತಗಡಿನ ಮಾಡಿನ ಮೇಲೆ ಬಿದ್ದರೆ ಪಕ್ಕದವನ ಮಾತೂ ಕೇಳುವುದಿಲ್ಲ. ಹಾಗಾಗಿ ಒಂದು ಮೈಕ್, ಒಂದು ಬಾಕ್ಸ್ ಬೇಕೇ ಬೇಕು. ತಾಪತ್ರಯ ಶುರುವಾಗುವುದು ಅಲ್ಲಿಂದ.

ಕಳೆದ ವರ್ಷ ಬದಿಯಡ್ಕದ ಕಡೆ ಒಂದು ವಾಚನಾಲಯದ ಜಗಲಿಯಲ್ಲಿ ಅರವತ್ತು ಕುರ್ಚಿ ಹಾಕಿ ವಾಲಿವಧೆ ಇಟ್ಟುಕೊಂಡಿದ್ದೆವು. ಮೈಕಿಗೆ ಅನುಮತಿ ಕೇಳಲು ಹೋದೆ. ಮೇಜಿನ ಹಿಂದಿದ್ದವರು ಮಲಯಾಳದಲ್ಲಿ ಕೇಳಿದರು: ನಾಟಕವಾ, ಗಾನಮೇಳವಾ? ಎರಡೂ ಅಲ್ಲ, ಕೂತು ಮಾತಾಡುವುದು ಅಂದೆ. 'ಹಾಗಾದ್ರೆ ಪ್ರಸಂಗಂ' ಅಂದರು. ನನಗೆ ಖುಷಿಯೋ ಖುಷಿ, 'ಹೌದು, ಪ್ರಸಂಗವೇ!' ಅಂದೆ. ನಮ್ಮಲ್ಲಿ ಪ್ರಸಂಗ ಅಂದರೆ ಯಕ್ಷಗಾನದ ಕಥೆ, ಮಲಯಾಳದಲ್ಲಿ ಭಾಷಣ ಅನ್ನುವುದು ಆಗ ತಲೆಗೆ ಹೊಳೆಯಲಿಲ್ಲ. 'ಭಾಷಣಕ್ಕೆ ಚೆಂಡೆ ಯಾಕೆ?' ಅಂತ ಅವರು ಅರ್ಜಿ ವಾಪಸ್ ಕೊಟ್ಟರು. ಎರಡನೇ ದಿನ ಗಾನಮೇಳ ಅಂತಲೇ ಬರೆದುಕೊಟ್ಟೆ. ಆಯ್ತು.

ಗಡಿ ದಾಟಿದರೆ ಸುಲಭ ಅಂದುಕೊಳ್ಳಬೇಡಿ. 2000ದ ಶಬ್ದಮಾಲಿನ್ಯ ನಿಯಮ ಕೇಂದ್ರದ್ದು, ತಲಪಾಡಿಯ ಆಚೆ ಕರ್ನಾಟಕದಲ್ಲೂ ಅದೇ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಂದ್. ಬೆಂಗಳೂರಿನಲ್ಲಂತೂ ಇದರ ಜೊತೆ ಇನ್ನೊಂದು ಗಂಟಿದೆ. ಮನರಂಜನೆಯ ಜಾಗಗಳಿಗೆ ಲೈಸೆನ್ಸ್ ಬೇಕೆನ್ನುವ 2005ರ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕಣ್ಣಿದ್ದದ್ದು ಲೈವ್ ಬ್ಯಾಂಡ್, ಕ್ಯಾಬರೆ ಮೇಲೆ. ಮೂಲೆಯಲ್ಲಿ ಗಿಟಾರ್ ಹಿಡಿದು ಕೂತ ಹುಡುಗರೂ ಅದೇ ಬಲೆಗೆ ಬಿದ್ದರು.

ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ ಒಂದು ಪಬ್‌ನಲ್ಲಿ ಬೇರೆ ಥರ ನೋಡಿದೆ. ವೇದಿಕೆ ಇಲ್ಲ, ಮೈಕಿಲ್ಲ. ಒಂದು ಮೇಜಿನ ಸುತ್ತ ಐದಾರು ಜನ. ಒಬ್ಬ ಪಿಟೀಲು ಎತ್ತಿಕೊಂಡ, ಇನ್ನೊಬ್ಬಳು ಗ್ಲಾಸು ಪಕ್ಕಕ್ಕೆ ಸರಿಸಿ ಕೊಳಲು ತೆಗೆದಳು. ಯಾರೂ ಯಾರಿಗೂ ನಮಸ್ಕಾರ ಹೇಳಲಿಲ್ಲ, ಹಾಡು ಹಾಗೇ ಶುರುವಾಯಿತು. ನಮ್ಮ ಜಗಲಿಯ ನೆನಪಾಯಿತು, ಕುಡಿತ ಒಂದು ಬಿಟ್ಟು.

ಅವರಿಗೂ ಇದು ಸುಮ್ನೆ ಸಿಕ್ಕಿದ್ದಲ್ಲ. ಮೊದಲು ಲೈಸೆನ್ಸ್ ಇದ್ದ ಪಬ್‌ನಲ್ಲಿ ಇಬ್ಬರವರೆಗೆ ಹಾಡಿದರೆ ಬೇರೆ ಅನುಮತಿ ಬೇಡವಾಗಿತ್ತು. 2003ರ ಲೈಸೆನ್ಸಿಂಗ್ ಕಾಯ್ದೆ 2005ರ ನವೆಂಬರಿನಲ್ಲಿ ಜಾರಿಯಾದಾಗ ಆ ರಿಯಾಯಿತಿ ಹೋಯಿತು. ಮೈಕಿಲ್ಲದೆ ಒಬ್ಬ ಹಾಡಿದರೂ ಲೈಸೆನ್ಸ್ ಕೇಳುವ ಪರಿಸ್ಥಿತಿ! ಜನ ಗಲಾಟೆ ಮಾಡಿದರು. 2012ರಲ್ಲಿ ತಿದ್ದಿದರು: ಬೆಳಿಗ್ಗೆ ಎಂಟರಿಂದ ರಾತ್ರಿ ಹನ್ನೊಂದರವರೆಗೆ ಮೈಕಿಲ್ಲದ ಸಂಗೀತಕ್ಕೆ ಲೈಸೆನ್ಸ್ ಬೇಡ. ಪಬ್‌ನಂಥ ಜಾಗದಲ್ಲಿ ಕೇಳುಗರು 200ರ ಒಳಗಿದ್ದರೆ ಮೈಕಿಗೂ ಬೇಡ. 2015ರಲ್ಲಿ ಅದನ್ನು 500 ಮಾಡಿದರು.

ನನಗೆ ಹಿಡಿಸಿದ್ದು ಈ ತಲೆ ಎಣಿಸುವ ಲೆಕ್ಕ. ನಮ್ಮಲ್ಲಿ ಅರವತ್ತು ಕುರ್ಚಿಯ ಒಂದು ಬಾಕ್ಸಿಗೂ, ಕಿಟಕಿ ಗಾಜು ನಡುಗಿಸುವ ಡಿಜೆಗೂ ಒಂದೇ ಅರ್ಜಿ. ಹತ್ತು ಗಂಟೆಯ ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿರುತ್ತಾರೆ, ಅಲ್ವಾ? ಆದರೆ ಸಂಜೆ ಆರಕ್ಕೆ ಶುರುವಾಗುವ ಇಷ್ಟು ಸಣ್ಣ ಕೂಟಕ್ಕೆ ಒಂದು ಚೀಟಿ ಬರೆದು ತಿಳಿಸಿದರೆ ಸಾಲದೇ? ಅನುಮತಿಯ ಓಡಾಟಕ್ಕೆ ಹೆದರಿ ಕೂಟವನ್ನೇ ಬಿಟ್ಟ ಜಗಲಿಗಳು ನಮ್ಮ ಸುತ್ತಮುತ್ತ ಎರಡಿವೆ.

ಆ ವಾಲಿವಧೆಯ ದಿನ ಕರೆಂಟ್ ಹೋಗಿ ತಡವಾಯಿತು. ಹತ್ತಕ್ಕೆ ಐದು ನಿಮಿಷ ಇರುವಾಗ ವಾಲಿಗೆ ಬಾಣ ತಾಗಿತು. ಅವನ ಅಸಲು ಮಾತು ಶುರುವಾಗುವುದೇ ಆಮೇಲೆ. ಮೈಕ್ ಬಂದ್ ಮಾಡಿದೆವು. ಬಯಲಲ್ಲಿ ರಾತ್ರಿ ವಾದ್ಯವೂ ಕೂಡದು ಅಂತ ನಿಯಮ ಇರುವುದರಿಂದ ಚೆಂಡೆಗೂ ಬಟ್ಟೆ ಸುತ್ತಿದೆವು. ಮಳೆ ಮಾತ್ರ ನಿಲ್ಲಲಿಲ್ಲ. ಹಿಂದಿನ ಸಾಲಿನವರು ಕುರ್ಚಿ ಎತ್ತಿಕೊಂಡು ಬಂದು ವಾಲಿಯ ಮೊಣಕಾಲಿಗೆ ತಾಗುವಷ್ಟು ಹತ್ತಿರ ಕೂತರು. ಇನ್ನೂ ಮುಕ್ಕಾಲು ಗಂಟೆ ವಾಲಿ ರಾಮನನ್ನು ಬಿಡಲಿಲ್ಲ.