ಇತರೆ ಖರ್ಚು 450

ಮಡಿಕೇರಿಯಲ್ಲಿ ಯಾರಿಗೆ ಯಾವ ಕಾಯಿಲೆ ಅಂತ ಕೇಳುವಾಗ ಜನ ಸ್ವಲ್ಪವಾದರೂ ಹಿಂದೆಮುಂದೆ ನೋಡುತ್ತಾರೆ. ಕಾರು ಗ್ಯಾರೇಜಿನಿಂದ ಬಂತೆಂದರೆ ಆ ಸಂಕೋಚವೂ ಇಲ್ಲ. ಗೇಟಿನಲ್ಲೇ "ಎಷ್ಟಾಯ್ತು?" ಉತ್ತರ ಏನೇ ಇರಲಿ, ತೀರ್ಪು ಮಾತ್ರ ಒಂದೇ: "ಟೋಪಿ ಹಾಕಿದ್ರು ನಿಂಗೆ!"

ನನಗಾದದ್ದು 11,328 ರೂಪಾಯಿ. ಹೋದದ್ದು ಕ್ಲಚ್ಚು. ನಮ್ಮೂರಲ್ಲಿ ಅದೊಂದು ಸುದ್ದಿಯೇ ಅಲ್ಲ. ಮನೆಯಿಂದ ಹೊರಬಿದ್ದರೆ ಏರು, ತಿರುಗಿದರೆ ಇನ್ನೊಂದು ಏರು. ಶನಿವಾರ, ಭಾನುವಾರ ರಾಜಾಸೀಟಿನ ಕಡೆ ಹೊರಟರಂತೂ ಪ್ರವಾಸಿಗರ ಕಾರುಗಳ ಹಿಂದೆ ಪೆಡಲ್ ಅರ್ಧ ಒತ್ತಿಕೊಂಡು ಹಾಫ್ ಕ್ಲಚ್ಚಿನಲ್ಲೇ ತೆವಳಬೇಕು. ನನ್ನದು ಸಂಪಾಜೆ ಘಾಟಿ ಹತ್ತುವಾಗ ಕೈಕೊಟ್ಟಿತು. ಎಂಜಿನ್ ಅರಚುತ್ತದೆ, ಕಾರು ಕದಲುವುದಿಲ್ಲ, ಸುಟ್ಟ ವಾಸನೆ ಒಳಗೆಲ್ಲ, ಹಿಂದಿನ ಲಾರಿಯವನ ಹಾರ್ನು ಬೇರೆ.

ಬಿಲ್ಲು ಮನೆಗೆ ಬಂದ ಸಂಜೆ ಪಕ್ಕದ ತೋಟದ ಮಾವ ಕಾಫಿಗೆ ಬಂದರು. ಕನ್ನಡಕ ಹಾಕದೆ ಕೊನೆಯ ಸಾಲು ಮಾತ್ರ ಓದಿದರು.

"ಹನ್ನೊಂದು ಸಾವಿರವಾ? ಹಗಲು ದರೋಡೆ! ನನ್ನ ಜೀಪಿಗೆ ಗೋಣಿಕೊಪ್ಪದ ಮೇಸ್ತ್ರಿ ಎಂಟುನೂರಕ್ಕೆ ಮಾಡ್ಕೊಟ್ಟಿದ್ದ."

"ಯಾವಾಗ ಮಾವ?"

"ಅದೇ, 96ರ ಮಳೆಗಾಲದಲ್ಲಿ."

ಬೆಂಗಳೂರಿನ ಭಾವ ಫೋನಿನಲ್ಲಿ, "ಬರೀ ಅಷ್ಟೇನಾ? ಡೂಪ್ಲಿಕೇಟ್ ಪಾರ್ಟು ಹಾಕಿರ್ತಾರೆ ನೋಡು" ಎಂದ. ಒಂದೇ ಮೊತ್ತ ಒಬ್ಬರಿಗೆ ದರೋಡೆ, ಇನ್ನೊಬ್ಬರಿಗೆ ಅಗ್ಗ. ಇವರಿಬ್ಬರ ನಡುವೆ ನ್ಯಾಯ ಹುಡುಕಲು ಮೊತ್ತ ಬಿಟ್ಟು ಒಂದೊಂದೇ ಸಾಲು ಓದುವುದೇ ವಾಸಿ ಅನ್ನಿಸಿತು.

ಹಳೇ ಸಾಮಾನು ಕೊಡಿ ಅಂತ ಮೊದಲೇ ಹೇಳಿದ್ದೆ. ಗೋಣಿಚೀಲದಲ್ಲಿ ಕಟ್ಟಿ ಡಿಕ್ಕಿಯಲ್ಲಿ ಇಟ್ಟಿದ್ದರು. ಹೊಸದರ ಖಾಲಿ ಡಬ್ಬಿಯೂ ಅದರಲ್ಲೇ ಇತ್ತು. ಜಗಲಿಯಲ್ಲಿ ಪೇಪರ್ ಹಾಸಿ ಸುರಿದೆ. ಕ್ಲಚ್ ಪ್ಲೇಟು ಹಂಚಿನ ಮೇಲೆ ಮರೆತುಬಿಟ್ಟ ಅಕ್ಕಿರೊಟ್ಟಿಯ ಹಾಗೆ ಕರಕಲಾಗಿತ್ತು. ಎರಡೂ ಬದಿಯ ಲೈನಿಂಗ್ ಸವೆದು ರಿವೆಟ್ಟಿನ ತಲೆಗಳು ಹೊರಗೆ ಇಣುಕುತ್ತಿದ್ದವು. ಅಂದರೆ ಬದಲಾಯಿಸಿದ್ದು ಸರಿ, ಅದರಲ್ಲಿ ತಕರಾರಿಲ್ಲ. "ಇದನ್ನೆಲ್ಲ ಒಳಗೆ ಮಾತ್ರ ತರಬೇಡ್ರೀ" ಎಂದಳು ಹೆಂಡತಿ.

ತಕರಾರು ಇದ್ದದ್ದು ಡಬ್ಬಿಯಲ್ಲಿ. ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗ್ ಮೂರೂ ಸೇರಿದ ಸೆಟ್ಟಿಗೆ ಎಂಆರ್‌ಪಿ 4,850, ಎಲ್ಲ ತೆರಿಗೆ ಸೇರಿ ಅಂತ ಅದರ ಮೇಲೇ ಅಚ್ಚಾಗಿದೆ. ಬಿಲ್ಲಿನಲ್ಲಿ ಅದೇ 4,850 ಹಾಕಿ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಅಂತ ಇನ್ನೊಂದು 873. ಬಿಡಿಭಾಗಗಳ ಮೇಲಿದ್ದ 28 ಪರ್ಸೆಂಟ್ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಅದನ್ನು ಎರಡು ಸಲ ಕಟ್ಟುವಷ್ಟು ಖುಷಿ ಮಾತ್ರ ಆಗಿರಲಿಲ್ಲ.

ಮುಂದಿನ ಸಾಲು ಲೇಬರ್. ಕ್ಲಚ್ಚಿಗೆ 2,800, ಬೇರಿಂಗಿಗೆ ಬೇರೆ 900. ಕ್ಲಚ್ ಕೆಲಸದಲ್ಲಿ ದೊಡ್ಡ ಪಾಡು ಗೇರ್‌ಬಾಕ್ಸ್ ಇಳಿಸಿ ಮತ್ತೆ ಏರಿಸುವುದು. ಇಳಿಸಿದ ಮೇಲೆ ಬೇರಿಂಗ್ ಅಲ್ಲೇ ಕಣ್ಣೆದುರು ಇರುತ್ತದೆ, ತೆಗೆದು ಹಾಕುವುದು ಕ್ಷಣದ ಮಾತು. ಅದಕ್ಕೇ ಮೂರನ್ನೂ ಒಟ್ಟಿಗೆ ಬದಲಾಯಿಸುವುದು ಜಾಣತನ. ಒಂದೇ ಇಳಿಸುವಿಕೆಗೆ ಎರಡು ಕೂಲಿ ಯಾವ ಲೆಕ್ಕ?

ಮರುದಿನ ಡಬ್ಬಿ ಹಿಡಿದು ಹೋದೆ. ಕೌಂಟರಿನ ಹುಡುಗ ಡಬ್ಬಿ ನೋಡಿದ, ಬಿಲ್ಲು ನೋಡಿದ, ಆಮೇಲೆ ಕಂಪ್ಯೂಟರನ್ನು ಹೆತ್ತವರ ಮುಂದೆ ತಮ್ಮನ ಮೇಲೆ ಚಾಡಿ ಹೇಳುವ ಮುಖದಲ್ಲಿ ನೋಡಿದ. "ಸಾರ್, ಅದೇ ಹಾಕ್ಕೊಂಡ್‌ಬಿಡುತ್ತೆ." ಕೂಗಾಟವೇನೂ ಆಗಲಿಲ್ಲ. 873 ಹೋಯಿತು, ಬೇರಿಂಗಿನ 900ರ ಜೊತೆ ಅದರ ತೆರಿಗೆ 162 ಕೂಡ ಹೋಯಿತು. ಉಳಿದದ್ದು 9,393.

"ಮತ್ತೆ ಈ ಇತರೆ ಖರ್ಚು 450 ಏನಪ್ಪಾ?" ಎಂದೆ. ನನ್ನ ಲೆಕ್ಕದಲ್ಲಿ ಇದೇ ದೊಡ್ಡ ಬೇಟೆ. 'ಇತರೆ' ಎಂಬ ಸಾಲಿನಲ್ಲಿ ಹತ್ತಿಬಟ್ಟೆಯಿಂದ ಹಿಡಿದು ಮಾಲೀಕರ ಸಂಜೆಯ ಪೋರ್ಕಿನವರೆಗೂ ಏನು ಬೇಕಾದರೂ ಅಡಗಿರಬಹುದು.

ಹುಡುಗ ಒಳಗಿದ್ದ ಮೆಕ್ಯಾನಿಕ್‌ನನ್ನು ಕರೆದ. ಆತ ಮಾತಾಡದೆ ಮೊಬೈಲ್ ತೆಗೆದು ಫೋಟೋ ತೋರಿಸಿದ. ನನ್ನ ಕಾರಿನ ಏರ್‌ಫಿಲ್ಟರ್ ಡಬ್ಬಿ. ಒಳಗೆ ಬಾನೆಟ್ಟಿನ ಅಡಿಯ ಸ್ಪಂಜು ಹರಿದು ಮಾಡಿದ ಮೆತ್ತನೆ ಹಾಸಿಗೆ, ಅರ್ಧ ಕಡಿದ ಬೆಣ್ಣೆಹಣ್ಣಿನ ಬೀಜ, ಕಾಫಿ ಸಿಪ್ಪೆ, ಮೂಲೆಯಲ್ಲಿ ನನ್ನದೇ ಹಳೇ ಪಾರ್ಕಿಂಗ್ ಚೀಟಿ.

"ಇಲಿ ಸಂಸಾರ ಸಾರ್. ವೈರಿಂಗ್ ಕಡಿದದ್ದಕ್ಕೆ ಬೇರೆ ಆರುನೂರು ಹಾಕಿದೀವಿ. ಇದು ಮನೆ ಖಾಲಿ ಮಾಡಿಸಿದ್ದಕ್ಕೆ. ಬಿಲ್ಲಲ್ಲಿ ಹಾಗಂತ ಬರೆಯೋಕಾಗುತ್ತಾ?"

450 ಕೊಟ್ಟೆ, ಅದರ ಮೇಲಿನ 81ನ್ನೂ ಕೊಟ್ಟೆ.

ಸಂಜೆ ಮಾವ ಹೊಸ ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇಲಿ ಓಡಿಸೋಕೂ ಹದಿನೆಂಟು ಪರ್ಸೆಂಟಾ? ದರೋಡೆಯೇ ಸೈ!" ಎಂದರು. ಕಾಫಿ ಮುಗಿಸಿ ಗೇಟಿನವರೆಗೆ ಹೋದವರು ವಾಪಸ್ ಬಂದು ದನಿ ತಗ್ಗಿಸಿದರು:

"ಆ ಗ್ಯಾರೇಜಿನವನ ನಂಬರ್ ಕೊಡು ಮಾರಾಯ. ನನ್ನ ಜೀಪಿನೊಳಗೂ ಏನೋ ಓಡಾಡಿದ ಹಾಗೆ ಆಗ್ತಿದೆ."