ಎಚ್ಚರಿಕೆಯ ಸದ್ದೇ ದಾರಿ ತಪ್ಪಿಸಿದಾಗ

2005ರ ಆಗಸ್ಟ್ 14ರಂದು ಸೈಪ್ರಸ್‌ನ ಲಾರ್ನಾಕಾದಿಂದ ಅಥೆನ್ಸ್‌ಗೆ ಹೊರಟು 121 ಜನರನ್ನು ಬಲಿ ತೆಗೆದುಕೊಂಡ ಹೀಲಿಯೋಸ್ ವಿಮಾನದ ದುರಂತಕ್ಕೆ ಪೈಲಟ್‌ಗಳ ಅಜಾಗರೂಕತೆಯೊಂದೇ ಕಾರಣ ಎಂದು ಅದರ ಕುರಿತ ಲೇಖನದಲ್ಲಿ ಲೇಖಕರು ಹೇಳಿರುವುದನ್ನು ನಾನು ಒಪ್ಪಲಾರೆ. ಕ್ಯಾಬಿನ್ನಿನ ಗಾಳಿಯ ಒತ್ತಡ ನಿಯಂತ್ರಿಸುವ ಸ್ವಿಚ್ಚು ಸ್ವಯಂಚಾಲಿತದ ಬದಲು ಮ್ಯಾನ್ಯುಯಲ್ ಸ್ಥಾನದಲ್ಲೇ ಉಳಿದದ್ದನ್ನು ಪೈಲಟ್‌ಗಳು ಗಮನಿಸಲಿಲ್ಲ, ನಿಜ. ಆದರೆ ಕ್ಯಾಬಿನ್ ಒತ್ತಡ ಕುಸಿದಾಗ ಮೊಳಗುವ ಹಾರ್ನ್ ಆ ಬೋಯಿಂಗ್ 737ರಲ್ಲಿ, ನೆಲದ ಮೇಲೆ ಮಾತ್ರ ಕೇಳಿಬರಬೇಕಾದ ಟೇಕಾಫ್ ಎಚ್ಚರಿಕೆಯ (ವಿಮಾನ ಮೇಲೇರಲು ಸರಿಯಾಗಿ ಸಜ್ಜಾಗಿಲ್ಲ ಎಂಬ ಸೂಚನೆಯ) ಸದ್ದೇ ಆಗಿತ್ತು. ಅದನ್ನು ತಪ್ಪಾಗಿ ಅರ್ಥೈಸಿಕೊಂಡು ಮೇಲೇರುತ್ತಲೇ ಇದ್ದವರ ಮಿದುಳಿಗೆ ಆಮ್ಲಜನಕ ಕಡಿಮೆಯಾದಂತೆ, ತಪ್ಪನ್ನು ಗುರುತಿಸಬೇಕಾದ ವಿವೇಚನೆಯೇ ಮೊದಲು ಮಸುಕಾಯಿತು. (ಆಮ್ಲಜನಕದ ಕೊರತೆ ನೋಯಿಸುವುದಿಲ್ಲ, ಮಂಕು ಕವಿಸುತ್ತದೆ.) ಕಾರಣ ಹುಡುಕುವ ಮೊದಲೇ ಆಮ್ಲಜನಕದ ಮಾಸ್ಕ್ ಧರಿಸಬೇಕು, ಆಮೇಲೆ ಮಾಸ್ಕ್ ಇಲ್ಲದೆಯೂ ಉಸಿರಾಡಬಹುದಾದ 10,000 ಅಡಿಗೆ ಇಳಿಯಬೇಕು ಎಂಬ ಕ್ರಮವಿರುವುದು ಇದಕ್ಕಾಗಿಯೇ. ಆದರೆ ಎಚ್ಚರಿಕೆಯೇ ಗೊಂದಲ ಹುಟ್ಟಿಸಿದರೆ ಆ ಕ್ರಮ ನೆನಪಾಗುವುದು ಹೇಗೆ? ಒಂದೇ ಸದ್ದಿಗೆ ಎರಡು ಅರ್ಥ ಕೊಟ್ಟ ವಿನ್ಯಾಸವನ್ನು ಲೇಖನ ಪ್ರಶ್ನಿಸದೆ ಬಿಟ್ಟಿರುವುದು ಸರಿಯಲ್ಲ.