ಸ್ಪಷ್ಟನೆ: ಹೀಟ್ ಎಕ್ಸ್‌ಚೇಂಜರ್ ದಪ್ಪಗಿದ್ದಷ್ಟೂ ತಂಪು ಎಂಬುದು ಸರಿಯಲ್ಲ

ಮರ್ಸಿಡಿಸ್ ಇ55 ಎಎಂಜಿಯಂಥ ಸೂಪರ್‌ಚಾರ್ಜರ್ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇರುವ ಕಾರುಗಳಿಗೆ "ಸಿಕ್ಕಿದ್ದರಲ್ಲೇ ಅತಿ ದಪ್ಪನೆಯ ಹೀಟ್ ಎಕ್ಸ್‌ಚೇಂಜರ್ ಹಾಕಿಸಿ, ಇಂಟೇಕ್ ಗಾಳಿ ತಾನಾಗಿ ತಣಿಯುತ್ತದೆ" ಎಂಬ ಸಲಹೆ ಹರಿದಾಡುತ್ತಿದೆ. ಇದು ಅರ್ಧ ಸತ್ಯ. ಈ ಕಾರುಗಳಲ್ಲಿ ಎಂಜಿನ್‌ಗೆ ಹೋಗುವ ಇಂಟೇಕ್ ಗಾಳಿಯನ್ನು ಇಂಟರ್‌ಕೂಲರ್‌ನಲ್ಲಿ ಪಂಪ್ ಹರಿಸುವ ನೀರು ತಣಿಸುತ್ತದೆ; ಬಿಸಿಯಾದ ಆ ನೀರನ್ನು ಕಾರಿನ ಮುಂಭಾಗದ ಹೀಟ್ ಎಕ್ಸ್‌ಚೇಂಜರ್ ಹೊರಗಿನ ಗಾಳಿಯಿಂದ ತಣಿಸುತ್ತದೆ.

ಗಾಳಿಗೆ ಎದುರಾಗುವ ಅಗಲ, ಎತ್ತರವೇ ಮುಖ್ಯ. ಎಕ್ಸ್‌ಚೇಂಜರ್‌ನ ಕೋರ್‌ನ (ನೀರಿನ ಕೊಳವೆಗಳೂ ತೆಳು ಲೋಹದ ಫಿನ್‌ಗಳೂ ಇರುವ ಭಾಗ) ಮುಂಭಾಗ ದಾಟುವಷ್ಟರಲ್ಲೇ ಗಾಳಿ ಬಿಸಿಯಾಗಿರುತ್ತದೆ, ಹಿಂದಿನ ಫಿನ್‌ಗಳಿಗೆ ಹೆಚ್ಚು ಕೆಲಸ ಉಳಿಯುವುದಿಲ್ಲ. ಮೇಲಾಗಿ ದಪ್ಪ ಕೋರ್ ಹಿಂದಿರುವ ಎಸಿ ಕಂಡೆನ್ಸರ್, ರೇಡಿಯೇಟರ್‌ಗಳಿಗೆ ಗಾಳಿ ತಡೆಯುತ್ತದೆ. ಟ್ರಾಫಿಕ್‌ನಲ್ಲಿ ಎಂಜಿನ್ ಬಿಸಿಯೇರಿ ಎಸಿ ಸೋಲುವುದಕ್ಕೆ ಇದೂ ಕಾರಣವಾಗಬಹುದು.

ದುಡ್ಡು ಸುರಿಯುವ ಮೊದಲು ದಯವಿಟ್ಟು ಪಂಪ್ ನೋಡಿ. ಇ55ರಲ್ಲಿ ಇಂಟರ್‌ಕೂಲರ್‌ನ ವಿದ್ಯುತ್ ಪಂಪ್ ಕೆಡುವುದು ಹೊಸ ಸಂಗತಿಯೇನಲ್ಲ. ಜೋರಾಗಿ ಓಡಿಸಿದಾಗ ಇಂಟೇಕ್ ತಾಪ ವಿಪರೀತ ಏರಿಯೂ ಎಕ್ಸ್‌ಚೇಂಜರ್‌ನಿಂದ ಹೊರಬರುವ ಹೋಸ್ ತಣ್ಣಗಿದ್ದರೆ, ಮೊದಲು ಅನುಮಾನಿಸಬೇಕಾದ್ದು ನೀರಿನ ಹರಿವನ್ನು: ಪಂಪ್, ಫ್ಯೂಸ್, ರಿಲೇ ಅಥವಾ ಒಳಗೆ ಸಿಕ್ಕಿಕೊಂಡ ಗಾಳಿ. ಹೆದ್ದಾರಿ ವೇಗದಲ್ಲೂ ಆ ಹೋಸ್ ಹೊರಗಿನ ಗಾಳಿಗಿಂತ ತುಂಬಾ ಬಿಸಿಯಿದ್ದರೆ ಮಾತ್ರ ದೊಡ್ಡ ಎಕ್ಸ್‌ಚೇಂಜರ್‌ಗೆ ಅರ್ಥವಿದೆ.

ಹಾಕಿಸುವಾಗ ಸುತ್ತಲಿನ ಸಂದುಗಳನ್ನು ಫೋಮ್‌ನಿಂದ ಮುಚ್ಚಿ, ಇಲ್ಲದಿದ್ದರೆ ಗಾಳಿ ಕೋರ್ ಬಿಟ್ಟು ಪಕ್ಕದಿಂದ ನುಗ್ಗುತ್ತದೆ. ಹೋಸ್‌ನ ಒಳವ್ಯಾಸ ಮೂಲದ್ದಕ್ಕಿಂತ ಕಿರಿದಾಗಬಾರದು. ಕೂಲಂಟ್ (ಒಳಗೆ ಹರಿಯುವ ತಣಿಸುವ ದ್ರವ) ತುಂಬಿಸುವಾಗ ಒಳಗಿನ ಗಾಳಿಯನ್ನು ಹೀರಿ ತೆಗೆಯುವ ವ್ಯಾಕ್ಯೂಮ್ ಫಿಲ್ಲರ್ ಬಳಸಿ; ಕೊಳವೆಗಳ ಎತ್ತರದ ಭಾಗದಲ್ಲಿ ಗಾಳಿ ಉಳಿದರೆ ಹೊಸ ಎಕ್ಸ್‌ಚೇಂಜರ್ ಹಳೆಯದಕ್ಕಿಂತ ಕಳಪೆಯಾಗಿ ಕೆಲಸ ಮಾಡುತ್ತದೆ.